ಪುನರ್ವಸು ಮಳೆಯಲ್ಲಿ ತುಂಗೆಯ ದಡದಗುಂಟ

ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಸೇರುವವರೆಗೆ ಹರಿಯುವ ದೂರ ಸುಮಾರು 147 ಕಿಲೋಮೀಟರ್. ಅಷ್ಟು ದೂರದಲ್ಲಿ ದಡದ ಊರುಗಳವರು ಮಳೆಗಾಲದ ಹೊಳೆಯನ್ನು ಅಳೆಯಲು ತಮ್ಮದೇ ಆದ ಕಲ್ಲಿನ ಗುರುತುಗಳನ್ನು ಇಟ್ಟುಕೊಂಡಿದ್ದಾರೆ. ಶೃಂಗೇರಿಯಲ್ಲಿ ಅದು ಕಪ್ಪೆ ಶಂಕರನ ಗುಡಿ, ತೀರ್ಥಹಳ್ಳಿಯಲ್ಲಿ ರಾಮಮಂಟಪ, ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ. ಆಷಾಢದ ಮಳೆ ಹಿಡಿಯಿತೆಂದರೆ ಈ ಊರುಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ ‘ಮಂಟಪ ಮುಳುಗಿತಾ?’ ಎಂಬುದೇ. ಈ ಗುರುತುಗಳನ್ನು ಒಂದರ ನಂತರ ಒಂದರಂತೆ, ನದಿ ಹರಿಯುವ ದಿಕ್ಕಿನಲ್ಲಿಯೇ ಸಾಗಿ, ಮಳೆ ಸುರಿಯುತ್ತಿರುವಾಗಲೇ ಚಿತ್ರಿಸಬೇಕೆಂಬ ಆಸೆ ನನಗೆ ಬಹಳ ಕಾಲದಿಂದ ಇತ್ತು. ಜುಲೈ ತಿಂಗಳ ಪುನರ್ವಸು ಮಳೆಗೆ ಅದು ಕೂಡಿಬಂತು.

ಜೊತೆಗೆ ಒಯ್ದದ್ದು ರೀಕೋ ಕಂಪನಿಯ ಜಿಆರ್ 3 ಎಂಬ ಚಿಕ್ಕ ಕ್ಯಾಮೆರಾ ಮಾತ್ರ. ಬ್ಯಾಟರಿ, ಕಾರ್ಡು ಸೇರಿ ಅದರ ತೂಕ 257 ಗ್ರಾಂ. 28 ಮಿಲಿಮೀಟರಿಗೆ ಸಮನಾದ ಒಂದೇ ಅಗಲ ಕೋನದ ಲೆನ್ಸು, ಜೂಮ್ ಇಲ್ಲ, ಫ್ಲ್ಯಾಶ್ ಇಲ್ಲ, ನೀರು ನಿರೋಧಕವೂ ಅಲ್ಲ. ಮಳೆಗಾಲದ ಮಲೆನಾಡಿಗೆ ಇಂಥದ್ದನ್ನು ಒಯ್ಯುವುದೇ ಎಂದು ಕೇಳಿದವರಿದ್ದಾರೆ. ಆದರೆ ಮಲೆನಾಡಿನ ಮಳೆಯಲ್ಲಿ ನಡೆಯುವವನ ಒಂದು ಕೈ ಸದಾ ಕೊಡೆಗೆ ಮೀಸಲು. ಉಳಿದ ಒಂದೇ ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದಲೇ ಅಳತೆ ಬದಲಿಸಿ, ಚಿತ್ರ ತೆಗೆದು, ಮತ್ತೆ ಅಂಗಿಯ ಒಳಜೇಬಿಗೆ ಸೇರಿಸುವಂತಿರುವ ಕ್ಯಾಮೆರಾ ಬೇಕು. ದೊಡ್ಡ ಕ್ಯಾಮೆರಾಕ್ಕೆ ಎರಡು ಕೈ ಬೇಕು, ಕೊಡೆ ಹಿಡಿಯಲು ಇನ್ನೊಬ್ಬರು ಬೇಕು. ಅಗಲವಾದ ಕಪ್ಪು ಕೊಡೆ, ಒಗೆದು ಮೆತ್ತಗಾದ ಪಂಚೆಯ ತುಂಡುಗಳು, ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿದ ಬಿಗಿ ಮುಚ್ಚಳದ ಡಬ್ಬಿ, ಇಂಬಳಕ್ಕೆ (ಜಿಗಣೆಗೆ) ಸುಣ್ಣ ಮತ್ತು ಹೊಗೆಸೊಪ್ಪು, ಇವಿಷ್ಟು ಉಳಿದ ಸರಂಜಾಮು.

ಗುರುವಾರ, ಶೃಂಗೇರಿ

ಬೆಳಗಿನ ಬಸ್ಸಿನಿಂದ ಇಳಿಯುವಾಗಲೇ ಮಳೆ ಬಿಡುವಿಲ್ಲದೆ ಹೊಯ್ಯುತ್ತಿತ್ತು. ಹಿಂದಿನ ರಾತ್ರಿ ಕೆರೆಕಟ್ಟೆಯ ಕಡೆ ಜೋರು ಮಳೆಯಾಗಿದೆಯೆಂದೂ ಮಧ್ಯಾಹ್ನದ ಹೊತ್ತಿಗೆ ಹೊಳೆ ಇನ್ನಷ್ಟು ಏರುತ್ತದೆಂದೂ ಹೋಟೆಲಿನವರು ಹೇಳಿದರು. ನದಿಯ ಮೇಲ್ಭಾಗದಲ್ಲಿರುವ ಕೆರೆಕಟ್ಟೆಯ ಮಳೆಯನ್ನು ಕೇಳಿಕೊಂಡೇ ಶೃಂಗೇರಿಯವರು ತಮ್ಮ ಹೊಳೆಯ ಲೆಕ್ಕ ಹಾಕುತ್ತಾರೆ.

ಬೇರೆ ಕಾಲದಲ್ಲಿ ಮಠದ ಸ್ನಾನಘಟ್ಟಕ್ಕೆ ಬಂದವರು ಮಂಡಕ್ಕಿ ಎರಚಿ, ಮೆಟ್ಟಿಲಿಗೆ ಒತ್ತಿಕೊಂಡು ಬರುವ ದೊಡ್ಡ ಮೀನುಗಳನ್ನು ನೋಡುತ್ತಾ ನಿಲ್ಲುತ್ತಾರೆ. ಈ ದಿನ ಕೆಳಗಿನ ಮೆಟ್ಟಿಲುಗಳೆಲ್ಲ ನೀರಿನಡಿ ಸೇರಿದ್ದವು. ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಒಂದು ಗೇಣು ಆಳದಲ್ಲಿ ಏನಿದೆಯೆಂಬುದೂ ಕಾಣುತ್ತಿರಲಿಲ್ಲ. ಗಂಗಾ ಸ್ನಾನ, ತುಂಗಾ ಪಾನ ಎನ್ನುವ ನದಿ ಮಳೆಗಾಲದಲ್ಲಿ ತನ್ನ ಮಣ್ಣನ್ನೆಲ್ಲ ಹೊತ್ತು ಬರುವುದನ್ನು ಕಂಡವರಿಗೆ ಆ ಮಾತು ಯಾವ ಋತುವಿನದೆಂದು ತಾನಾಗಿಯೇ ತಿಳಿಯುತ್ತದೆ.

ಪ್ರಸವದ ಸಂಕಟದಲ್ಲಿದ್ದ ಕಪ್ಪೆಗೆ ನಾಗರಹಾವು ಹೆಡೆಯೆತ್ತಿ ನೆರಳು ಕೊಟ್ಟಿದ್ದನ್ನು ಶಂಕರಾಚಾರ್ಯರು ಕಂಡ ಸ್ಥಳ ಇದೆಂಬ ನಂಬಿಕೆಗೆ ಗುರುತಾಗಿ ಹೊಳೆಯ ದಡದಲ್ಲಿರುವ ಪುಟ್ಟ ಗುಡಿಯೇ ಕಪ್ಪೆ ಶಂಕರ. ನಾನು ತಲುಪಿದಾಗ ಗುಡಿಯ ಬುಡಕ್ಕೆ ನೀರು ಬಡಿಯುತ್ತಿತ್ತು. ಕಾವಲಿನವರು ಹಗ್ಗ ಕಟ್ಟಿ ಕೆಳಗೆ ಇಳಿಯದಂತೆ ತಡೆದಿದ್ದರು. ನಾನು ಹಗ್ಗದ ಈಚೆಗೇ ನಿಂತೆ. ಪಾಚಿ ಹಿಡಿದ ಕಲ್ಲಿನ ಮೇಲೆ ಒಂದು ಹೆಜ್ಜೆ ಜಾರಿದರೆ ಯಾವ ಚಿತ್ರಕ್ಕೂ ಅರ್ಥವಿರುವುದಿಲ್ಲ. ಮೇಲ್ಭಾಗದಲ್ಲಿ ಮಳೆ ಬಿದ್ದಾಗ ಹೊಳೆ ಏರುವುದು ನೋಡುತ್ತಿರುವಂತೆಯೇ ನಡೆದುಹೋಗುತ್ತದೆ.

ಮೊದಲ ಗಂಟೆಯಲ್ಲಿ ತೆಗೆದ ಚಿತ್ರಗಳನ್ನು ಸೂರಿನಡಿ ನಿಂತು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಯಿತು. ನೀರು ಮಾತ್ರವೇ ತುಂಬಿದ ಚಿತ್ರದಲ್ಲಿ ಹೊಳೆ ಎಷ್ಟು ದೊಡ್ಡದೆಂಬುದು ತಿಳಿಯುವುದೇ ಇಲ್ಲ. ಕಣ್ಣೆದುರು ಎದೆ ನಡುಗಿಸುವಂತೆ ಹರಿಯುವ ನೀರು ಚಿತ್ರದಲ್ಲಿ ಅಳತೆಯಿಲ್ಲದ ಕಂದು ಹರವಾಗಿ ಉಳಿಯುತ್ತದೆ. ಅದೇ ಚೌಕಟ್ಟಿನಲ್ಲಿ ಗುಡಿಯ ಮೂಲೆಯೋ ಮೆಟ್ಟಿಲಿನ ಅಂಚೋ ಬಂದೊಡನೆ ಹೊಳೆಗೆ ಗಾತ್ರ ಬರುತ್ತದೆ, ವೇಗವೂ ಬರುತ್ತದೆ. ಕಲ್ಲಿಗೆ ಎದುರಾಗಿ ಬಂದ ನೀರು ಅದರ ಮುಂದೆ ಸ್ವಲ್ಪ ಮೇಲೇರಿ ನಿಲ್ಲುತ್ತದೆ. ಆ ಏರಿಕೆ 20 ಸೆಂಟಿಮೀಟರಿನಷ್ಟಿದ್ದರೆ ನೀರಿನ ವೇಗ ಸೆಕೆಂಡಿಗೆ ಸುಮಾರು 2 ಮೀಟರ್, 45 ಸೆಂಟಿಮೀಟರ್ ಇದ್ದರೆ ಸುಮಾರು 3 ಮೀಟರ್. ಭೌತಶಾಸ್ತ್ರದ ಸರಳ ಲೆಕ್ಕ ಇದು. ದಡದವರು ಲೆಕ್ಕವಿಲ್ಲದೆಯೇ ಕಲ್ಲಿನ ಮುಂದಿನ ಆ ಉಬ್ಬನ್ನು ನೋಡಿ ‘ಇವತ್ತು ಸೆಳವು ಜಾಸ್ತಿ’ ಎನ್ನುತ್ತಾರೆ. ಈ ಉಬ್ಬನ್ನು ಚಿತ್ರದಲ್ಲಿ ಉಳಿಸಿಕೊಳ್ಳುವುದೇ ಮುಂದಿನ ದಿನಗಳ ಮುಖ್ಯ ಕೆಲಸವೆಂದು ಅಲ್ಲಿಯೇ ನಿಶ್ಚಯಿಸಿದೆ.

ಅದಕ್ಕೆ ಷಟರ್ ವೇಗ, ಅಂದರೆ ಕ್ಯಾಮೆರಾದೊಳಗೆ ಬೆಳಕು ಬೀಳಲು ಬಿಡುವ ಹೊತ್ತು, ಸರಿಯಿರಬೇಕು. ಹೊಳೆಯ ಚಿತ್ರವೆಂದರೆ ಷಟರನ್ನು ಬಹಳ ಹೊತ್ತು ತೆರೆದಿಟ್ಟು ನೀರನ್ನು ರೇಷ್ಮೆ ಬಟ್ಟೆಯಂತೆ ನುಣುಪಾಗಿಸುವ ರೂಢಿಯಿದೆ. ಬೇಸಿಗೆಯ ಸಣ್ಣ ಝರಿಗೆ ಅದು ಒಪ್ಪಬಹುದು, ಪುನರ್ವಸುವಿನ ತುಂಗೆಗೆ ಖಂಡಿತ ಒಪ್ಪುವುದಿಲ್ಲ. ಸೆಕೆಂಡಿಗೆ 2 ಮೀಟರ್ ಓಡುವ ನೀರು ಕಾಲು ಸೆಕೆಂಡಿನಲ್ಲಿ ಅರ್ಧ ಮೀಟರ್ ಸಾಗಿ, ಅಲೆ, ನೊರೆ, ಸುಳಿಗಳೆಲ್ಲ ಕಲೆಸಿಹೋಗಿ ಹೊಳೆ ಸಾಧುವಾಗಿ ಕಾಣುತ್ತದೆ. ಸೆಕೆಂಡಿನ ಸಾವಿರದ ಒಂದು ಭಾಗಕ್ಕೆ ಇಳಿಸಿದರೆ ನೀರು ಗಾಜಿನಂತೆ ಹೆಪ್ಪುಗಟ್ಟಿ ಹರಿವೇ ನಿಂತುಹೋಗುತ್ತದೆ. ಮೂವತ್ತರ ಒಂದು ಭಾಗ ಸೆಕೆಂಡಿನಲ್ಲಿ ನೀರು ಸಾಗುವುದು 7 ಸೆಂಟಿಮೀಟರಿನಷ್ಟು. ಅಲೆಯ ಆಕಾರವೂ ಉಳಿಯುತ್ತದೆ, ಹರಿವಿನ ದಿಕ್ಕೂ ಕಾಣುತ್ತದೆ. ಈ ಕ್ಯಾಮೆರಾದೊಳಗೆ ಕೈನಡುಕವನ್ನು ತಡೆಯುವ ವ್ಯವಸ್ಥೆಯೂ ಬೆಳಕನ್ನು ಎರಡು ಸ್ಟಾಪಿನಷ್ಟು, ಅಂದರೆ ಕಾಲು ಭಾಗಕ್ಕೆ, ತಗ್ಗಿಸುವ ಫಿಲ್ಟರೂ ಇರುವುದರಿಂದ, ಒಂದು ಕೈಯಲ್ಲಿ ಕೊಡೆ ಹಿಡಿದೂ ಆ ವೇಗದಲ್ಲಿ ಚಿತ್ರ ತೆಗೆಯಲು ಸಾಧ್ಯವಾಯಿತು.

ಮಧ್ಯಾಹ್ನ ವಿದ್ಯಾಶಂಕರ ದೇವಾಲಯದ ಸುತ್ತ ನಡೆದೆ. 14ನೇ ಶತಮಾನದ ಈ ಕಟ್ಟಡವನ್ನು ಬಿಸಿಲಿನಲ್ಲಿ ನೋಡಿದವರು ಮಳೆಯಲ್ಲಿ ಒಮ್ಮೆ ನೋಡಬೇಕು. ಮೋಡದ ಬೆಳಕಿಗೆ ನೆರಳಿಲ್ಲದ ಕಾರಣ ಶಿಲ್ಪಗಳು ಚಪ್ಪಟೆಯಾಗಿ ಕಾಣುತ್ತವೆಂಬುದು ಒಣಗಿದ ಕಲ್ಲಿನ ಮಟ್ಟಿಗೆ ನಿಜ. ಒದ್ದೆ ಕಲ್ಲು ಕಪ್ಪಾಗಿ, ಉಬ್ಬಿದ ಭಾಗಗಳ ಮೇಲೆ ಆಕಾಶದ ಹೊಳಪು ಕೂತು, ತಗ್ಗುಗಳು ಇನ್ನೂ ಕಪ್ಪಾಗುತ್ತವೆ. ಗೋಡೆಯ ಒಂದೊಂದು ಶಿಲ್ಪವೂ ಎದ್ದು ನಿಲ್ಲುತ್ತದೆ. ಸೂರಿನ ಮೂಲೆಯಲ್ಲಿ ಇಳಿಬಿಟ್ಟ ಕಲ್ಲಿನ ಬಳೆಗಳ ಸರಪಳಿಯ ಕೆಳಗೆ ನಾನು ಬಹಳ ಹೊತ್ತು ನಿಂತೆ. ಮೇಲಿನಿಂದ ಇಳಿದ ನೀರು ಮೊದಲ ಬಳೆಯನ್ನು ಎರಡೂ ಕಡೆಯಿಂದ ಬಳಸಿ, ತಳದಲ್ಲಿ ಕೂಡಿ, ಎರಡನೆಯ ಬಳೆಗೆ ಜಾರಿ, ಕೊನೆಯ ಬಳೆಯ ತುದಿಯಲ್ಲಿ ದಪ್ಪ ಹನಿಯಾಗಿ ತೂಗುತ್ತಿತ್ತು. ತನ್ನ ಭಾರ ತಡೆಯಲಾರದೆ ಅದು ಉದುರಿದೊಡನೆ ಅಲ್ಲಿ ಇನ್ನೊಂದು ಹನಿ ಮೂಡುತ್ತಿತ್ತು. ಅಗಲ ಲೆನ್ಸಿನಲ್ಲಿ ಅದು ಚಿಕ್ಕದಾಗಿ ಕಂಡದ್ದರಿಂದ ಚಿತ್ರದ ನಡುಭಾಗವನ್ನಷ್ಟೇ ತೆಗೆದುಕೊಳ್ಳುವ 50 ಮಿಲಿಮೀಟರಿನ ಕ್ರಾಪ್ ಬಳಸಿ, ಸೂರಿನಡಿಯ ಕತ್ತಲೆಯನ್ನು ಹಿನ್ನೆಲೆಗೆ ತಂದುಕೊಂಡು, ಐನೂರರ ಒಂದು ಭಾಗದಲ್ಲಿ ತೆಗೆದೆ. ದೇವಾಲಯದ ಒಳಗೆ ಕ್ಯಾಮೆರಾವನ್ನು ಜೇಬಿನಿಂದ ಹೊರತೆಗೆಯಲಿಲ್ಲ. ಹನ್ನೆರಡು ರಾಶಿ ಕಂಬಗಳನ್ನು ಕಣ್ಣಿನಿಂದಷ್ಟೇ ನೋಡಿ ಬಂದೆ.

ಸಂಜೆ ತೂಗಾಡದ ಗಟ್ಟಿ ಕಾಲುಸೇತುವೆಯ ಮೇಲೆ ನರಸಿಂಹವನದ ಕಡೆಗೆ ದಾಟುವಾಗ ನಡುವೆ ನಿಂತು ನೋಡಿದೆ. ಕಪ್ಪೆ ಶಂಕರನ ಗುಡಿಯ ಅರ್ಧ ಭಾಗ ಆಗಲೇ ನೀರಿನೊಳಗಿತ್ತು. ಬೆಳಗಿನ ಚಿತ್ರದ ಪಕ್ಕದಲ್ಲಿ ಸಂಜೆಯ ಚಿತ್ರವನ್ನಿಟ್ಟರೆ ಹೋಟೆಲಿನವರು ಹೇಳಿದ್ದು ಎಷ್ಟು ಸರಿಯೆಂದು ಯಾರಿಗಾದರೂ ಗೊತ್ತಾಗುತ್ತದೆ.

ಶುಕ್ರವಾರ, ಹರಿಹರಪುರ

ಬೆಳಿಗ್ಗೆ ಮಳೆ ಸಣ್ಣದಾಗಿ ಜಿಟಿಜಿಟಿ ಹಿಡಿದಿತ್ತು. ಕೊಪ್ಪ ತಾಲ್ಲೂಕಿನ ಹರಿಹರಪುರದಲ್ಲಿ ಇಳಿದು, ತುಂಗೆಯ ದಡದ ಅಡಿಕೆ ತೋಟಗಳ ಅಂಚಿನಲ್ಲಿ ಬಹುದೂರ ನಡೆದೆ.

ಮಳೆಯನ್ನೇ ಚಿತ್ರದಲ್ಲಿ ಹಿಡಿಯುವುದು ಹೇಗೆಂಬ ಪ್ರಶ್ನೆಗೆ ಹನಿಯ ಗಾತ್ರದಲ್ಲಿ ಉತ್ತರವಿದೆ. 5 ಮಿಲಿಮೀಟರಿನ ದಪ್ಪ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬೀಳುತ್ತದೆ, 2 ಮಿಲಿಮೀಟರಿನದು ಸುಮಾರು ಆರೂವರೆ ಮೀಟರ್ ವೇಗದಲ್ಲಿ. ತುಂತುರಿನ ಅರ್ಧ ಮಿಲಿಮೀಟರಿನ ಹನಿಯ ವೇಗ 2 ಮೀಟರ್ ಮಾತ್ರ. ಹಾಗಾಗಿ ಜಡಿಮಳೆಯನ್ನು ಅರವತ್ತರ ಒಂದು ಭಾಗದಲ್ಲಿ ತೆಗೆದರೆ ಒಂದೊಂದು ಹನಿಯೂ ಗೇಣಿಗಿಂತ ಕಡಿಮೆ ಉದ್ದದ ಗೆರೆಯಾಗಿ ಬೀಳುತ್ತದೆ. ಅದೂ ಹಿಂದೆ ಕಪ್ಪಾದ ಮರವೋ ಗೋಡೆಯೋ ಇದ್ದರೆ ಮಾತ್ರ. ಬಿಳಿ ಆಕಾಶದ ಎದುರಿಗೆ ಎಂಥ ಮಳೆಯೂ ಮಾಯವಾಗುತ್ತದೆ. ತುಂತುರಿಗೆ ಗೆರೆಯೂ ಮೂಡುವುದಿಲ್ಲ, ಹಿನ್ನೆಲೆಯೂ ಸಹಾಯಕ್ಕೆ ಬರುವುದಿಲ್ಲ. ಅದನ್ನು ಹುಡುಕಬೇಕಾದದ್ದು ನಿಂತ ನೀರಿನಲ್ಲಿ. ತೋಟದ ಬಸಿಗಾಲುವೆಯಲ್ಲಿ ನಿಂತ ನೀರಿನ ಮೇಲೆ ಏಳುತ್ತಿದ್ದ ಪುಟ್ಟ ಉಂಗುರಗಳು ಆ ಬೆಳಗಿನ ಮಳೆಯನ್ನು ಬೇರೆಲ್ಲಕ್ಕಿಂತ ಚೆನ್ನಾಗಿ ತೋರಿಸಿದವು.

ಈ ದಿನಗಳಲ್ಲಿ ಅಡಿಕೆ ಬೆಳೆಗಾರರಿಗೆ ಕೊಳೆರೋಗದ ಚಿಂತೆ. ಮಳೆ ಹಿಡಿಯುವ ಮೊದಲೇ ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಕೊನೆಗಳಿಗೆ, ಅಂದರೆ ಅಡಿಕೆ ಗೊನೆಗಳಿಗೆ, ಸಿಂಪಡಿಸಿರುತ್ತಾರೆ. ನಡುವೆ ಮಳೆ ಬಿಟ್ಟು ಹೊಳವಾದರೆ ಇನ್ನೊಮ್ಮೆ ಹೊಡೆಯಬೇಕು. ಮರದ ಬುಡದಲ್ಲಿ ಕಂಬಳಿ ಕೊಪ್ಪೆ ಹೊದ್ದು ನಿಂತು ಆಕಾಶ ನೋಡುತ್ತಿದ್ದ ಹಿರಿಯರೊಬ್ಬರು ನನ್ನ ಕೈಯಲ್ಲಿದ್ದುದನ್ನು ಕಂಡು, “ಫೋಟೋ ತೆಗೀತೀರಾ? ತೆಗೀರಿ ಮಾರಾಯ್ರೆ, ಆದ್ರೆ ಕೊನೆ ಕಡೆ ತಿರುಗಿಸಿ. ನನ್ನ ಮುಖದಲ್ಲಿ ಏನಿದೆ?” ಎಂದರು. ನಾನು ಅವರ ಒಪ್ಪಿಗೆ ಪಡೆದು ತೆಗೆದದ್ದು ಕಂಬಳಿಯ ಅಂಚನ್ನು. ಈ ಕ್ಯಾಮೆರಾದ ಮ್ಯಾಕ್ರೋ ವ್ಯವಸ್ಥೆಯಲ್ಲಿ ಸುಮಾರು 6 ಸೆಂಟಿಮೀಟರ್ ಹತ್ತಿರಕ್ಕೆ ಹೋಗಬಹುದು. ಕುರಿಯ ಉಣ್ಣೆಯ ಒರಟು ಎಳೆಗಳ ತುದಿಯಲ್ಲಿ ಹನಿಗಳು ಒಳಗೆ ಇಂಗದೆ ಸಾಲಾಗಿ ನಿಂತಿದ್ದವು. ಒಂದೊಂದರೊಳಗೂ ತೋಟದ ಮರಗಳು ತಲೆಕೆಳಗಾಗಿ ಕಾಣುತ್ತಿದ್ದವು. ಪರದೆಯಲ್ಲಿ ಅದನ್ನು ತೋರಿಸಿದಾಗ ಅವರು ಕಂಬಳಿಯನ್ನು ಕೈಯಲ್ಲಿ ಮುಟ್ಟಿ ನೋಡಿಕೊಂಡರು. ಬಳಿಕ ನಿರಾಯಾಸವಾಗಿ, “ಹೊಳೆ ನೋಡಬೇಕಾದ್ರೆ ತೋಟದ ಕೊನೇಲಿ ಹಲಸಿನ ಮರ ಇದೆ, ಅಲ್ಲಿಂದ ನೋಡಿ. ಮುಂದಕ್ಕೆ ಹೋಗ್ಬೇಡಿ, ದಂಡೆ ಒಳಗಿಂದ ಕೊರೆದಿರುತ್ತೆ” ಎಂದರು.

ಹಲಸಿನ ಮರದ ಬುಡದಿಂದ ಕಂಡ ಹೊಳೆಗೆ ಅಳತೆಗೋಲಾಗಿ ಸಿಕ್ಕಿದ್ದು ಎದುರು ದಂಡೆಯ ಬಿದಿರು ಮೆಳೆ. ಅದರ ಬುಡ ನೀರಿನಲ್ಲಿ ಮುಳುಗಿ, ಬಾಗಿದ ತುದಿಗಳು ಸೆಳವಿಗೆ ಸಿಕ್ಕಿ ನಡುಗುತ್ತಿದ್ದವು. ಇಲ್ಲಿ ಒಂದು ಎಚ್ಚರ ಬೇಕಾಗುತ್ತದೆ. ಮೋಡದ ಆಕಾಶ ಚೌಕಟ್ಟಿಗೆ ಬಂದರೆ ಕ್ಯಾಮೆರಾದ ಬೆಳಕಿನ ಮೀಟರು ಅದರ ಬಿಳುಪಿಗೆ ಹೊಂದಿಕೊಂಡು ದಂಡೆಯ ಹಸಿರನ್ನೆಲ್ಲ ಕಪ್ಪಾಗಿಸುತ್ತದೆ. ಆದ್ದರಿಂದ ಆಕಾಶವನ್ನು ಆದಷ್ಟು ಹೊರಗಿಟ್ಟೆ. ಕೊಡೆಯ ಅಂಚನ್ನೇ ಚೌಕಟ್ಟಿನ ಮೇಲ್ಭಾಗಕ್ಕೆ ಇಳಿಸಿ ಆಕಾಶವನ್ನು ಮುಚ್ಚಿದ ಚಿತ್ರವೂ ಒಂದಿದೆ. ಕಪ್ಪು ಕೊಡೆಯ ಬಾಗು, ಅದರ ಕಡ್ಡಿಗಳ ತುದಿಯಿಂದ ಇಳಿಯುವ ಹನಿಗಳು, ಕೆಳಗೆ ಕೆಂಪು ಹೊಳೆ. ಅದು ನನಗೆ ಬಹಳ ಮೆಚ್ಚಿಗೆಯಾದ ಚಿತ್ರ.

ರಾತ್ರಿ ತೀರ್ಥಹಳ್ಳಿಗೆ ಬಂದು ತಂಗಿದೆ. ಊಟಕ್ಕೆ ಕಳಲೆ ಪಲ್ಯವಿತ್ತು.

ಶನಿವಾರ, ತೀರ್ಥಹಳ್ಳಿ

ಈ ಯಾತ್ರೆಯ ನಡುಮಧ್ಯ ಇದೇ ದಿನವೆಂದು ನಾನು ಮೊದಲೇ ಭಾವಿಸಿದ್ದೆ. ತೀರ್ಥಹಳ್ಳಿಯಲ್ಲಿ ರಾಮೇಶ್ವರ ದೇವಾಲಯದ ಬಳಿ ತುಂಗೆಯ ಪಾತ್ರದ ಬಂಡೆಗಳ ಮೇಲೆ ರಾಮಮಂಟಪ ನಿಂತಿದೆ. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ಅಲ್ಲಿಗೆ ಹೋಗಬಹುದು. ಎಳ್ಳಮಾವಾಸ್ಯೆಯ ಜಾತ್ರೆಯಲ್ಲಿ ಇದೇ ಹೊಳೆಯಲ್ಲಿ ತೀರ್ಥಸ್ನಾನಕ್ಕೆ ಸಾವಿರಾರು ಜನ ಸೇರುತ್ತಾರೆ. ಈಗ ಒಂದು ಬಂಡೆಯೂ ಕಾಣುತ್ತಿರಲಿಲ್ಲ. ದಡದಿಂದ ದಡದವರೆಗೆ ಒಂದೇ ನೀರು, ಅದರ ನಡುವೆ ಕಂಬಗಳ ಅರ್ಧದವರೆಗೆ ಮುಳುಗಿದ ಮಂಟಪ.

ಕೊಡೆ ಹಿಡಿದ ಜನ ಬಂದು ನಿಂತು, ನೋಡಿ, ಹೋಗುತ್ತಿದ್ದರು. ಯಾರೂ ಗಡಿಬಿಡಿಯಲ್ಲಿರಲಿಲ್ಲ. ಹಾಲಿನ ಕ್ಯಾನು ಕಟ್ಟಿದ ಸೈಕಲ್ಲನ್ನು ನಿಲ್ಲಿಸಿದವರು, ಶಾಲೆಗೆ ರಜೆ ಸಿಕ್ಕ ಮಕ್ಕಳು, ಮೊಮ್ಮಗಳ ಕೈ ಹಿಡಿದು ಬಂದ ಅಜ್ಜಿ. “ಅಜ್ಜಿ, ಮಂಟಪ ಮುಳುಗುತ್ತಾ?” ಎಂದು ಮಗು ಕೇಳಿತು. “ಇವತ್ತಿಲ್ಲ ಪುಟ್ಟಿ, ನೋಡು, ನೀರು ನಿಂತಿದೆ. ಏರೋ ನೀರಲ್ಲಿ ಕಸಕಡ್ಡಿ ತೇಲಿ ಬರುತ್ತೆ” ಎಂದರು ಅಜ್ಜಿ. ನಾನು ನೀರಿನ ಮೇಲೆ ಕಣ್ಣು ಹಾಯಿಸಿದೆ. ಹೌದು, ನೀರು ಕೆಂಪಾಗಿತ್ತು, ಆದರೆ ಮೈಮೇಲೆ ತರಗೆಲೆಯಾಗಲಿ ಕೊಂಬೆರೆಂಬೆಯಾಗಲಿ ಹೆಚ್ಚಿರಲಿಲ್ಲ. ಹೊಳೆ ದಡಗಳನ್ನು ಹೊಸದಾಗಿ ಹತ್ತುವಾಗ ಅಲ್ಲಿ ಬಿದ್ದಿರುವುದನ್ನೆಲ್ಲ ಎತ್ತಿಕೊಂಡು ಬರುತ್ತದೆ, ಏರಿಕೆ ನಿಂತ ಮೇಲೆ ಎತ್ತಲು ಹೊಸದೇನೂ ಉಳಿಯುವುದಿಲ್ಲ. ದಡದಲ್ಲೇ ಬಾಳಿದವರ ಇಂಥ ತಿಳಿವಳಿಕೆಯನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ.

ಮಂಟಪವನ್ನು ಚಿತ್ರಿಸುವ ರೀತಿಯ ಬಗ್ಗೆ ನನ್ನಲ್ಲಿ ಹಲವು ಯೋಚನೆಗಳಿದ್ದವು. ದೂರದ ಲೆನ್ಸಿದ್ದರೆ ಮಂಟಪವೊಂದನ್ನೇ ಚೌಕಟ್ಟು ತುಂಬಿಸಬಹುದಿತ್ತು. ಅಂಥ ಚಿತ್ರದಲ್ಲಿ ಕಲ್ಲು ಮತ್ತು ನೀರು ಇರುತ್ತವೆ, ತೀರ್ಥಹಳ್ಳಿ ಇರುವುದಿಲ್ಲ. 28 ಮಿಲಿಮೀಟರಿನ ಲೆನ್ಸು ಮಂಟಪವನ್ನು ಚಿಕ್ಕದಾಗಿ ನಡುವೆ ಇಟ್ಟು, ಎದುರು ದಡದ ಕಾಡನ್ನೂ ಈ ದಡದಲ್ಲಿ ನೋಡುತ್ತ ನಿಂತವರ ಕೊಡೆಗಳ ಸಾಲನ್ನೂ ಒಟ್ಟಿಗೇ ತೆಗೆದುಕೊಳ್ಳುತ್ತದೆ. ಹಾಗೆ ನೋಡಿದಾಗ ಮಂಟಪ ಹೊಳೆಗೆ ಅಳತೆ, ಜನ ಮಂಟಪಕ್ಕೆ ಅಳತೆ. ಹಿಂದೆ ಸರಿದು, ಎಲ್ಲರ ಬೆನ್ನ ಹಿಂದೆ ನಿಂತು, ಕೊಡೆಗಳ ನಡುವಿನ ಸಂದಿಯಲ್ಲಿ ಮಂಟಪ ಬರುವಂತೆ ಕಾದು ನಿಂತೆ. ಚಿಕ್ಕ ಕ್ಯಾಮೆರಾ ಇಲ್ಲಿ ಇನ್ನೊಂದು ಉಪಕಾರ ಮಾಡಿತು. ಅದನ್ನು ಕಂಡು ಯಾರೂ ತಿರುಗಿ ಪೋಸು ಕೊಡಲಿಲ್ಲ, ದಾರಿಬಿಟ್ಟು ಪಕ್ಕಕ್ಕೂ ಸರಿಯಲಿಲ್ಲ. ನಾನೂ ಹೊಳೆ ನೋಡಲು ಬಂದ ಇನ್ನೊಬ್ಬನಾಗಿಯೇ ಉಳಿದೆ.

ಹನ್ನೊಂದು ಗಂಟೆಗೆ ಮಳೆ ಜಡಿಯಲು ಶುರುವಾಯಿತು. ಎದುರು ದಡದ ಮರಗಳು ಕಪ್ಪಾಗಿದ್ದುದರಿಂದ ಮಂಟಪದ ಮೇಲೆ ಬೀಳುವ ಮಳೆಯ ಗೆರೆಗಳು ಸ್ಪಷ್ಟವಾಗಿ ಕಾಣತೊಡಗಿದವು. ಅರವತ್ತರ ಒಂದು ಭಾಗ, ಎಫ್ 5.6, ಐಎಸ್‌ಒ 800, ಬೆಳಕನ್ನು ಮೂರನೇ ಒಂದು ಸ್ಟಾಪಿನಷ್ಟು ತಗ್ಗಿಸಿ ತೆಗೆದೆ. ಕಂಬಗಳ ಮುಂದೆ ಒಂದು ಗೇಣು ಮೇಲೇರಿ ನಿಂತ ನೀರಿನ ಉಬ್ಬು, ಕಂಬದ ಹಿಂದೆ ತೆರೆದುಕೊಳ್ಳುವ ಸುಳಿ, ಮೇಲೆ ಮಳೆಯ ಗೆರೆಗಳು, ಈಚೆಗೆ ಕೊಡೆಗಳು. ಈ ಚಿತ್ರಕ್ಕಾಗಿಯೇ ಹೊರಟವನಂತೆ ನನಗೆ ತೃಪ್ತಿಯಾಯಿತು.

ಇಲ್ಲಿಯೇ ಹೇಳಬೇಕಾದ ಒಂದು ವಿಷಯವಿದೆ. ಇಂಥ ಕ್ಯಾಮೆರಾಗಳ ಲೆನ್ಸು ಬಳಕೆಗೆ ಹೊರಗೆ ಚಾಚಿ, ಆರಿಸಿದಾಗ ಒಳಗೆ ಮಡಚಿಕೊಳ್ಳುತ್ತದೆ. ಮಳೆಯಲ್ಲಿ ಆರಿಸುವ ಮೊದಲು ಲೆನ್ಸಿನ ಕೊಳವೆಯ ಸುತ್ತಲಿನ ತೇವವನ್ನು ಪಂಚೆಯ ತುಂಡಿನಿಂದ ಒರೆಸಲೇಬೇಕು. ಇಲ್ಲವಾದರೆ ಹೊರಮೈಗೆ ಅಂಟಿದ ನೀರು ಮಡಚುವ ಕೊಳವೆಯ ಜೊತೆ ಒಳಗೆ ಹೋಗುತ್ತದೆ. ಜನ ಗಾಜನ್ನು ಒರೆಸುತ್ತಾರೆ, ಕೊಳವೆಯನ್ನು ಮರೆಯುತ್ತಾರೆ. ಹವಾನಿಯಂತ್ರಿತ ಕೋಣೆಯಿಂದ ಹೊರಗೆ ಬಂದೊಡನೆ ಕ್ಯಾಮೆರಾವನ್ನು ಹೊರತೆಗೆಯಬಾರದು. ತಣ್ಣಗಿರುವ ಗಾಜಿನ ಮೇಲೆ ಮಲೆನಾಡಿನ ತೇವದ ಗಾಳಿ ತಟ್ಟಿದ ಕ್ಷಣಕ್ಕೆ ಮಂಜು ಕಟ್ಟುತ್ತದೆ. ಮುಚ್ಚಿದ ಡಬ್ಬಿಯಲ್ಲಿಯೇ ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಬಿಡಬೇಕು. ಇದೇ ಕಾರಣಕ್ಕೆ ನಾನು ದಾರಿಯುದ್ದಕ್ಕೂ ಫ್ಯಾನಿನ ಕೋಣೆಗಳನ್ನೇ ಹಿಡಿದೆ.

ಮಧ್ಯಾಹ್ನದ ನಂತರ ಕಮಾನಿನ ಸೇತುವೆಯ ಮೇಲೆ ನಡೆದಾಡಿದೆ. ಸಂಜೆ ನಾಲ್ಕಕ್ಕೇ ಬೆಳಕು ಕುಂದಿ, ವಾಹನಗಳ ದೀಪಗಳು ಒದ್ದೆ ರಸ್ತೆಯ ಮೇಲೆ ಉದ್ದವಾಗಿ ಚೆಲ್ಲಿದ್ದವು. ಕಮಾನುಗಳ ನೆರಳಿನಲ್ಲಿ ಕೊಡೆ ಹಿಡಿದು ಬರುವವರ ಕೆಲವು ಚಿತ್ರಗಳು ಸಿಕ್ಕವು. ಆದರೆ ಮನಸ್ಸೆಲ್ಲ ಮಂಟಪದ ಬಳಿಯೇ ಇತ್ತು. ಕತ್ತಲಾಗುವ ಮುನ್ನ ಮತ್ತೆ ಹೋಗಿ ನೋಡಿದೆ. ಅಜ್ಜಿ ಹೇಳಿದಂತೆಯೇ ನೀರು ಇದ್ದಲ್ಲೇ ಇತ್ತು.

ಭಾನುವಾರ, ಮಂಡಗದ್ದೆ ಮತ್ತು ಗಾಜನೂರು

ಶಿವಮೊಗ್ಗದ ರಸ್ತೆಯಲ್ಲಿರುವ ಮಂಡಗದ್ದೆಯಲ್ಲಿ ತುಂಗೆಯ ನಡುವೆ ಒಂದು ಪುಟ್ಟ ನಡುಗಡ್ಡೆಯಿದೆ. ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಇಲ್ಲಿ ಗೂಡು ಕಟ್ಟಿ ಮರಿ ಮಾಡುತ್ತವೆ. ರಸ್ತೆಯ ಬದಿಯ ದಡದಿಂದಲೇ ಎಲ್ಲವೂ ಕಾಣುವುದರಿಂದ ದೊಡ್ಡ ಲೆನ್ಸುಗಳನ್ನು ಹೊತ್ತು ಬರುವ ಪಕ್ಷಿ ಛಾಯಾಗ್ರಾಹಕರಿಗೆ ಇದು ಪ್ರಿಯವಾದ ಸ್ಥಳ. ನನ್ನ ಕ್ಯಾಮೆರಾದಲ್ಲಿ ಬೆಳ್ಳಕ್ಕಿ ಒಂದು ಬಿಳಿ ಚುಕ್ಕೆ ಮಾತ್ರ, ಅದರ ಕಣ್ಣು ಕೊಕ್ಕುಗಳ ಆಸೆ ಇಟ್ಟುಕೊಳ್ಳುವಂತಿರಲಿಲ್ಲ.

ಆದರೂ ಅಲ್ಲಿ ನನಗೆ ಬೇಕಾದ ಚಿತ್ರ ಸಿಕ್ಕಿತು. ನಡುಗಡ್ಡೆಯ ನೆಲ ಪೂರ್ತಿ ಮುಳುಗಿ, ಮರಗಳು ನೇರವಾಗಿ ಹೊಳೆಯ ನೀರಿನಿಂದಲೇ ಎದ್ದಂತೆ ನಿಂತಿದ್ದವು. ಅವುಗಳ ಕೊಂಬೆಗಳಲ್ಲಿ ತಲೆಯಿಂದ ಬುಡದವರೆಗೆ ಬಿಳಿ ಚುಕ್ಕೆಗಳು. ಎಲ್ಲಕ್ಕಿಂತ ಕೆಳಗಿನ ಗೂಡಿಗೂ ನೀರಿಗೂ ನಡುವೆ ಉಳಿದಿದ್ದ ಅಂತರವನ್ನು ಆ ಗೂಡಿನ ಮೇಲೆ ನಿಂತಿದ್ದ ಹಕ್ಕಿಯಿಂದಲೇ ಅಳೆಯಬಹುದಿತ್ತು. ಹೆಚ್ಚೆಂದರೆ ಎರಡು ಬೆಳ್ಳಕ್ಕಿಗಳ ಎತ್ತರ. ಹಕ್ಕಿಯೊಂದನ್ನೇ ತುಂಬಿಸಿದ ಚಿತ್ರದಲ್ಲಿ ಈ ಅಂತರ ಬರುವುದಿಲ್ಲ, ಮರಿಗಳನ್ನಿಟ್ಟುಕೊಂಡ ತಾಯಿಯ ಅಡಿಯಲ್ಲಿ ಹರಿಯುವ ಹೊಳೆಯೂ ಬರುವುದಿಲ್ಲ. ಪಕ್ಕದಲ್ಲಿ ಮುಕ್ಕಾಲಿ ಹೂಡಿದ್ದ ತರುಣರೊಬ್ಬರು ತಮ್ಮ ದೊಡ್ಡ ಲೆನ್ಸಿನ ಪರದೆಯಲ್ಲಿ ಆ ಗೂಡನ್ನು ನನಗೆ ತೋರಿಸಿದರು. ಒದ್ದೆಯಾದ ಗರಿಗಳನ್ನು ಹರಡಿ ಮರಿಗಳ ಮೇಲೆ ಕೂತ ತಾಯಿ. ಅದು ಬಹಳ ಸುಂದರವಾದ ಚಿತ್ರ, ನನ್ನದಕ್ಕೆ ಜೊತೆಯಾಗಿ ಇರಬೇಕಾದ ಚಿತ್ರ.

ಗಾಜನೂರಿನಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ತುಂಗಾ ಜಲಾಶಯದ ಗರಿಷ್ಠ ಮಟ್ಟ 588.24 ಮೀಟರ್. ಸಂಗ್ರಹ ಸಾಮರ್ಥ್ಯ ಕಡಿಮೆಯಾದ್ದರಿಂದ ರಾಜ್ಯದ ಜಲಾಶಯಗಳಲ್ಲಿ ಬೇಗನೆ ತುಂಬುವವುಗಳ ಪೈಕಿ ಇದೂ ಒಂದು, ತುಂಬಿದ ಮೇಲೆ ಬಂದಷ್ಟು ನೀರನ್ನು ಗೇಟುಗಳಿಂದ ಹೊರಗೆ ಬಿಡುತ್ತಾರೆ. ಇಲ್ಲಿ ಹೊಳೆಯ ಮಾತೆಲ್ಲ ಕ್ಯೂಸೆಕ್ಕಿನಲ್ಲಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ರಸ್ತೆಯಿಂದ ದೂರದಲ್ಲಿ ಗೇಟುಗಳ ಬಿಳಿ ನೊರೆಯ ಸಾಲು ಕಾಣುತ್ತಿತ್ತು. ನೋಡಲು ಭವ್ಯವೇ, ಆದರೆ ಒಬ್ಬ ಮನುಷ್ಯನಾಗಲಿ ಮರವಾಗಲಿ ಪಕ್ಕದಲ್ಲಿಲ್ಲದ ಆ ನೊರೆಗೆ ಚಿತ್ರದಲ್ಲಿ ಗಾತ್ರ ಕೊಡಲು ನನ್ನಿಂದಾಗದು ಎನಿಸಿ ಮುಂದಿನ ಬಸ್ಸು ಹಿಡಿದೆ.

ಸೋಮವಾರ, ಶಿವಮೊಗ್ಗ ಮತ್ತು ಕೂಡ್ಲಿ

ಶಿವಮೊಗ್ಗದ ಹಳೆಯ ಸೇತುವೆಯ ಬಳಿ ಬೆಳಿಗ್ಗೆ ಏಳಕ್ಕೇ ಜನ ಸೇರಿದ್ದರು. ಕೋರ್ಪಲಯ್ಯನ ಛತ್ರದ ಬಳಿ ಹೊಳೆಯ ನಡುವೆ ಇರುವ ಕಲ್ಲಿನ ಮಂಟಪ ಮುಳುಗಿದರೆ ಆ ವರ್ಷ ತುಂಗೆ ತುಂಬಿದಳೆಂದು ಊರು ಒಪ್ಪುತ್ತದೆ. ಆಗ ಬಾಗಿನ ಅರ್ಪಿಸುವ ರೂಢಿಯೂ ಇದೆ. ಈ ದಿನ ಮಂಟಪದ ಚಾವಣಿ ನೀರಿನ ಮೇಲೆ ಒಂದು ಗೆರೆಯಂತೆ ಉಳಿದಿತ್ತು. ಅಲೆ ಬಂದಾಗ ಮರೆಯಾಗಿ, ಮತ್ತೆ ಕಾಣುತ್ತಿತ್ತು. ಮುಳುಗಿತೆಂದು ಕೆಲವರು, ಇಲ್ಲವೆಂದು ಕೆಲವರು. ಅರಿಸಿನ ಕುಂಕುಮ ತಂದಿದ್ದ ತಾಯಿಯೊಬ್ಬರು, “ಕಾಣ್ತಾ ಇದ್ಯಲ್ಲಪ್ಪ ಇನ್ನೂ” ಎಂದು ಮಗನಿಗೆ ಹೇಳಿ, ಸೇತುವೆಯ ಕಟ್ಟೆಗೆ ಕೈಯೂರಿ ಕಾಯುತ್ತ ನಿಂತರು. ಚಾವಣಿಯ ಗೆರೆ ಅಲೆಯ ನಡುವೆ ತೋರುವ ಹೊತ್ತಿಗೆ ಅವರ ತಟ್ಟೆಯೂ ಚೌಕಟ್ಟಿನ ಕೆಳಗೆ ಬರುವಂತೆ, ಅವರ ಅನುಮತಿ ಕೇಳಿ ಚಿತ್ರ ತೆಗೆದೆ. ಶೃಂಗೇರಿಯಲ್ಲಿ ಗುಡಿಯ ಬುಡ, ತೀರ್ಥಹಳ್ಳಿಯಲ್ಲಿ ಕಂಬದ ಅರ್ಧ, ಇಲ್ಲಿ ಚಾವಣಿಯ ಅಂಚು ಎಂಬಂತೆ ಮೂರು ಊರಿನ ಮೂರು ಗುರುತುಗಳು ನನ್ನ ಕಾರ್ಡಿನಲ್ಲಿ ಕೂಡಿಕೊಂಡವು.

ಹತ್ತು ಗಂಟೆಯ ನಂತರ ಕೂಡ್ಲಿಗೆ ಹೋದೆ. ಶಿವಮೊಗ್ಗದಿಂದ ಸುಮಾರು 15 ಕಿಲೋಮೀಟರ್ ದೂರದ ಈ ಊರಿನಲ್ಲಿ ತುಂಗೆಯೂ ಭದ್ರೆಯೂ ಸೇರಿ ತುಂಗಭದ್ರೆಯಾಗುತ್ತವೆ. ಮಲೆನಾಡಿನ ಮಳೆ ಇಲ್ಲಿಗೆ ಬರುವಷ್ಟರಲ್ಲಿ ದಣಿದು ತುಂತುರಾಗಿತ್ತು. ಸಂಗಮದ ಬಳಿ ಪುಟ್ಟ ಮಂಟಪದಲ್ಲಿ ನಂದಿಯಿದೆ. ದೇವಾಲಯಗಳ ದರ್ಶನ ಮುಗಿಸಿ ಮೆಟ್ಟಿಲುಗಳ ಮೇಲೆ ನಿಂತಾಗ ಎರಡು ನೀರುಗಳ ಬಣ್ಣ ಬೇರೆಯೆಂಬುದು ಎದ್ದು ಕಂಡಿತು. ತುಂಗೆ ನಾನು ಶೃಂಗೇರಿಯಿಂದ ನೋಡುತ್ತ ಬಂದ ಕೆಂಪಿನಲ್ಲೇ ಬಂದಿತ್ತು. ಭದ್ರೆ ಕಡಿಮೆ ನೀರಿನೊಂದಿಗೆ, ಹಸಿರು ಬೆರೆತ ಬೂದು ಬಣ್ಣದಲ್ಲಿ, ನಿಧಾನವಾಗಿ ಬರುತ್ತಿತ್ತು. ಲಕ್ಕವಳ್ಳಿಯ ಭದ್ರಾ ಜಲಾಶಯ ದೊಡ್ಡದು, ಮಳೆಗಾಲದ ಮೊದಲ ಭಾಗದ ನೀರನ್ನೆಲ್ಲ ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಹೊಳೆಯ ಮಣ್ಣೂ ಅಲ್ಲಿ ತಳಕ್ಕಿಳಿಯುತ್ತದೆ. ಗಾಜನೂರಿನ ಚಿಕ್ಕ ಜಲಾಶಯಕ್ಕೆ ತುಂಗೆಯನ್ನು ಹಾಗೆ ತಡೆದಿಡುವ ಶಕ್ತಿಯಿಲ್ಲ.

ಎರಡು ಬಣ್ಣಗಳು ಕೂಡಿದ ತಕ್ಷಣ ಬೆರೆಯಲಿಲ್ಲ. ನಡುವೆ ನೊರೆಯ ತೆಳುವಾದ ಗಡಿ ಹಿಡಿದು, ಪಕ್ಕಪಕ್ಕದಲ್ಲೇ ಬಹುದೂರ ಹರಿದವು. ಗಡಿಯ ಉದ್ದಕ್ಕೂ ಕೆಂಪು ನೀರು ಬೂದು ನೀರಿನೊಳಗೆ ಸುರುಳಿ ಸುತ್ತಿ ನುಗ್ಗುತ್ತಿತ್ತು. ಬಣ್ಣದ ಈ ವ್ಯತ್ಯಾಸವನ್ನು ಕ್ಯಾಮೆರಾದ ಸ್ವಯಂಚಾಲಿತ ವೈಟ್ ಬ್ಯಾಲೆನ್ಸು ತಾನಾಗಿಯೇ ತಿದ್ದಿ ಅಳಿಸಬಾರದೆಂದು ಮೋಡದ ಬೆಳಕಿನ ಸೆಟ್ಟಿಂಗಿಗೆ ಕಟ್ಟಿಹಾಕಿದೆ. ನೀರಿನ ಮೇಲಿನ ಆಕಾಶದ ಹೊಳಪು ಬಣ್ಣವನ್ನು ಮುಚ್ಚುತ್ತಿದ್ದುದರಿಂದ ಮೇಲಿನ ಮೆಟ್ಟಿಲಿಗೆ ಹತ್ತಿ, ಕ್ಯಾಮೆರಾವನ್ನು ಕೆಳಕ್ಕೆ ಬಾಗಿಸಿ, ನಂದಿಯ ಮಂಟಪವನ್ನು ಎಡ ಅಂಚಿನಲ್ಲಿ ಅಳತೆಗೆಂದು ಇಟ್ಟುಕೊಂಡು, ನೂರ ಇಪ್ಪತ್ತೈದರ ಒಂದು ಭಾಗದಲ್ಲಿ ತೆಗೆದೆ.

ಪುಷ್ಯ, ಆಶ್ಲೇಷ ಮಳೆಗಳು ಚೆನ್ನಾಗಿ ಹೊಯ್ದು ಭದ್ರಾ ಜಲಾಶಯ ತುಂಬಿ ಗೇಟು ತೆರೆದರೆ ಇಲ್ಲಿಯ ಲೆಕ್ಕ ಬದಲಾಗುತ್ತದೆ. ಭದ್ರೆಯ ನೀರು ಹೆಚ್ಚಿ, ಈಗ ಭದ್ರೆಯ ದಡದ ಕಡೆಗೆ ಸರಿದಿರುವ ಗಡಿ ತುಂಗೆಯ ಕಡೆಗೆ ಸರಿಯಬೇಕು. ಅದನ್ನು ಇದೇ ಜಾಗದಿಂದ ತೆಗೆದು ಈ ಚಿತ್ರದ ಪಕ್ಕದಲ್ಲಿ ಇಡಬೇಕೆಂದು, ನಾನು ನಿಂತಿದ್ದ ಮೆಟ್ಟಿಲು ಮೇಲಿನಿಂದ ಎಷ್ಟನೆಯದು, ಚೌಕಟ್ಟಿನ ಎಡ ಅಂಚು ನಂದಿಯ ಮಂಟಪದ ಯಾವ ಕಂಬಕ್ಕೆ ತಾಗಿತ್ತು, ನೀರು ಎಲ್ಲಿಯವರೆಗಿತ್ತು ಎಂಬುದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡು ಹೊಳೆಹೊನ್ನೂರಿನ ಕಡೆಯಿಂದ ಬಂದ ಬಸ್ಸು ಹತ್ತಿದೆ.